ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಗುರುವಾರ ವರದಿ ಪ್ರೆಸ್ಸಿಗೆ ಹೋಗಬೇಕು

ಹೊಳೆಬದಿ ಡಿಟಿಪಿ
ಸೋಮವಾರ, ರಾತ್ರಿ 9:10

ನಮಸ್ಕಾರ. ಸಾಗರದ ಹತ್ತಿರ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಊರಿನ ಸಹಕಾರ ಸಂಘದ ವಾರ್ಷಿಕ ವರದಿ ಅದರೊಳಗಿದೆ. 36 ಪುಟ ಟೈಪ್ ಆಗಿದೆ. ಗುರುವಾರ ಪ್ರೆಸ್ಸಿಗೆ ಹೋಗಬೇಕು. ಬ್ಯಾಕಪ್ ಇದೆಯಾ ಅಂತ ಮಾತ್ರ ದಯವಿಟ್ಟು ಕೇಳಬೇಡಿ.

2012ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ಬಂದದ್ದು. ಇಂಟೆಲ್ ಐ3-2120, ಎಚ್61 ಮದರ್‌ಬೋರ್ಡ್, 4 ಜಿಬಿಯ ಎರಡು ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಸ್‌ಎಂಪಿಎಸ್ ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ, ಅದೂ ಅವತ್ತಿನದೇ. ವಿಂಡೋಸ್ 7, ಯಾಕಂದ್ರೆ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಮತ್ತು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫೈಲ್‌ಗಳು ಅದರಲ್ಲೇ ಕೂತಿವೆ.

ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗುತ್ತದೆ. ಟಕ್ ಅಂತ ಒಂದು ಸದ್ದು. ಅಷ್ಟೇ. ಮತ್ತೆ ಒತ್ತಿದರೆ ಅದೂ ಇಲ್ಲ. ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಅರ್ಧ ಸುತ್ತು.

ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದೆ. ನೋಡದೆಯೇ ಮದರ್‌ಬೋರ್ಡ್ ಹೋಗಿದೆ, 6,500 ಆಗುತ್ತದೆ ಅಂದರು. ನಿಜವಾ?

ಗುಂಡುಪಿನ್
ಸೋಮವಾರ, ರಾತ್ರಿ 9:25

ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿ. ಹತ್ತಕ್ಕೆ ಒಂಬತ್ತು ಸಲ ಅದೇ ಇರುತ್ತದೆ. ಮಳೆಗಾಲ ಬೇರೆ.

ರಿಪೇರಿ ರಂಗ
ಸೋಮವಾರ, ರಾತ್ರಿ 10:02

ರಬ್ಬರ್ ಆಮೇಲೆ ನೋಡೋಣ. ರ‍್ಯಾಮ್ ಕೈಕೊಟ್ಟರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ. ಇಲ್ಲಿ ಫ್ಯಾನೇ ನಿಲ್ಲುತ್ತಿದೆ. ಅದು ಬೇರೆ ರೋಗ.

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಗಿರಾಕಿ ಬಂದು "ಆನ್ ಆಗುವುದಿಲ್ಲ" ಅಂದರೆ ನನಗೆ ಏನೂ ಹೇಳಿದಂತಾಗುವುದಿಲ್ಲ. ಆನ್ ಆಗದೇ ಇರುವುದರಲ್ಲೂ ಜಾತಿಗಳಿವೆ ನೋಡ್ರಿ. ಒಂದು, ಒತ್ತಿದರೆ ಏನೂ ಇಲ್ಲ, ಹೆಣ. ಇನ್ನೊಂದು, ಫ್ಯಾನ್ ಒಂದು ಸೆಕೆಂಡಿನೊಳಗೆ ನಿಲ್ಲುವುದು, ನಿಮ್ಮ ಹಾಗೆ. ಮತ್ತೊಂದು, ಸರಿಯಾಗಿ ನಾಲ್ಕೈದು ಸೆಕೆಂಡ್ ಓಡಿ ಆರುವುದು. ಆಗ ನಾನು ಮೊದಲು ಅನುಮಾನ ಪಡುವುದು ಪವರ್ ಬಟನ್ನನ್ನು. ಬಟನ್ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ, ಯಾರೋ ಅದನ್ನು ಒತ್ತಿ ಹಿಡಿದಿದ್ದಾರೆ ಅಂತ ಬೋರ್ಡ್ ತಿಳಿದುಕೊಂಡು ಆಫ್ ಮಾಡುತ್ತದೆ. ಇನ್ನು ಫ್ಯಾನ್ ಓಡುತ್ತದೆ, ಪರದೆ ಕಪ್ಪು ಅನ್ನುವುದು ಬೇರೆ. ಪರದೆಯಲ್ಲಿ ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ ಅನ್ನುವುದು ಇನ್ನೂ ಬೇರೆ.

ಮೂರು ಪ್ರಶ್ನೆ. ಹೋದ ವಾರ ಏನಾದರೂ ವ್ಯತ್ಯಾಸ ಇತ್ತಾ? ಯುಪಿಎಸ್ ಮೂಲಕ ಹಾಕಿದ್ದೀರಾ, ನೇರ ಗೋಡೆಗಾ? ಒಳಗೆ ಏನಾದರೂ ಸುಟ್ಟ ವಾಸನೆ?

ಹೊಳೆಬದಿ ಡಿಟಿಪಿ
ಸೋಮವಾರ, ರಾತ್ರಿ 10:20

ಸುಟ್ಟ ವಾಸನೆ ಇಲ್ಲ. ಯುಪಿಎಸ್ ಇದೆ, 600 ವಿಎ. ಅದನ್ನು ಬಿಟ್ಟು ಗೋಡೆಗೇ ಹಾಕಿ ನೋಡಿದೆ, ಅದೇ ಕತೆ.

ವ್ಯತ್ಯಾಸ ಅಂದರೆ, ಹದಿನೈದು ದಿನದಿಂದ ಬೆಳಿಗ್ಗೆ ಬೇಗ ಆನ್ ಆಗುತ್ತಿರಲಿಲ್ಲ. ಏಳೆಂಟು ಸಲ ಒತ್ತಬೇಕಿತ್ತು. ಒಮ್ಮೆ ಆನ್ ಆದರೆ ಸಂಜೆವರೆಗೆ ತೊಂದರೆ ಇಲ್ಲ. ಮಧ್ಯಾಹ್ನ ರೀಸ್ಟಾರ್ಟ್ ಮಾಡಿದರೂ ಒಂದೇ ಸಲಕ್ಕೆ ಬರುತ್ತಿತ್ತು. ಚಳಿಗೆ ನಮ್ಮ ಸ್ಕೂಟರ್ ಕೂಡ ಹಾಗೇ ಮಾಡುತ್ತದೆ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನೊಂದು, ಸಂಬಂಧ ಇದೆಯೋ ಇಲ್ಲವೋ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಅದು ಮೊದಲಿನಿಂದಲೂ ಇದೆ.

ಕರೆಂಟ್ ಮಾವ
ಸೋಮವಾರ, ರಾತ್ರಿ 10:31

"ಮೊದಲಿನಿಂದಲೂ ಇದೆ" ಅಂತ ಬಿಟ್ಟುಬಿಡುವ ವಿಷಯ ಅಲ್ಲ ಅದು. ನಾಳೆ ಒಳಗೆ ಕೈ ಹಾಕುವ ಮೊದಲು ಪ್ಲಗ್ ಪೂರ್ತಿ ಕಿತ್ತು ಹಾಕಿ. ಕಾಲಿಗೆ ಚಪ್ಪಲಿ ಇರಲಿ. ಅಳೆಯಲಿಕ್ಕೆ ಅಂತ ಕರೆಂಟ್ ಕೊಟ್ಟಾಗಲೂ ಕಬ್ಬಿಣದ ಮೈ ಮುಟ್ಟಬೇಡಿ. ಅರ್ಥಿಂಗ್ ಬಗ್ಗೆ ನಾಳೆ ಬರೆಯುತ್ತೇನೆ.

ರಿಪೇರಿ ರಂಗ
ಸೋಮವಾರ, ರಾತ್ರಿ 10:50

ಸ್ಕೂಟರಿನ ಹೋಲಿಕೆ ಸುಮ್ನೆ ಹೇಳಿದ್ದಲ್ಲ ನೀವು, ಅದು ಒಳ್ಳೆಯ ಸುಳಿವು. ತಣ್ಣಗಿದ್ದಾಗ ತಕರಾರು, ಬಿಸಿಯಾದ ಮೇಲೆ ಸರಿ ಅಂದರೆ ನನ್ನ ಕಣ್ಣು ಹೋಗುವುದು ಹಳೆಯ ಕೆಪಾಸಿಟರ್‌ಗಳ ಕಡೆಗೆ. ಸಣ್ಣ ಡಬ್ಬಿಯಂತಿರುವ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತದೆ. ಒಣಗಿದ ಕೆಪಾಸಿಟರ್ ಚಳಿಗೆ ಇನ್ನೂ ಮಂದ. ಸ್ವಲ್ಪ ಬೆಚ್ಚಗಾದರೆ ಹೇಗೋ ಸಂಭಾಳಿಸುತ್ತದೆ. ಒಂದು ದಿನ ಅದೂ ಆಗುವುದಿಲ್ಲ.

ಆದರೆ ಅವು ಎಸ್‌ಎಂಪಿಎಸ್‌ನಲ್ಲೂ ಇವೆ, ಬೋರ್ಡ್ ಮೇಲೂ ಇವೆ. ಯಾವುದು ಅಂತ ಹಿಡಿಯಬೇಕಾದರೆ ಬಟನ್ ಒತ್ತಿದಾಗ ಏನಾಗುತ್ತದೆ ಅಂತ ಗೊತ್ತಿರಬೇಕು.

ಬಟನ್ ಒತ್ತಿದರೆ ಕರೆಂಟ್ ಹೋಗುವುದಿಲ್ಲ, ಅರ್ಜಿ ಹೋಗುತ್ತದೆ. ಹಿಂದಿನ ಎಟಿ ಕಾಲದ ಕ್ಯಾಬಿನೆಟ್‌ಗಳಲ್ಲಿ ಬಟನ್ನೇ ನಿಜವಾದ ಸ್ವಿಚ್ ಆಗಿತ್ತು, ಒತ್ತಿದರೆ ಖಟ್ ಅನ್ನುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಹೊಸ ವಿನ್ಯಾಸ ತಂದ ಮೇಲೆ ಲೆಕ್ಕ ಬದಲಾಯಿತು. ಈಗ ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್‌ನ ಒಂದು ಮೂಲೆ ಎಚ್ಚರ ಇರುತ್ತದೆ. ಅದು ನೇರಳೆ ಬಣ್ಣದ ವೈರಿನಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ರಾತ್ರಿ ಕಾವಲುಗಾರನ ಹಾಗೆ. ನೀವು ಬಟನ್ ಒತ್ತಿದರೆ ಬೋರ್ಡ್ ಅದೇ 5 ವೋಲ್ಟಿನ ಬಲದಿಂದ ಹಸಿರು ವೈರನ್ನು ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿಗೆ ಎಳೆಯುತ್ತದೆ. ಆಗ ದೊಡ್ಡ ಸಪ್ಲೈ ಏಳುತ್ತದೆ. ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್. ಮೂರೂ ಸರಿ ಇದ್ದರೆ ಅರ್ಧ ಸೆಕೆಂಡಿನೊಳಗೆ ಬೂದು ವೈರಿನಲ್ಲಿ "ಎಲ್ಲ ಸರಿ" ಅಂತ ಸಂಕೇತ. ಅದು ಬಂದ ಮೇಲೆಯೇ ಪ್ರೊಸೆಸರ್ ಕಣ್ಣು ಬಿಡುವುದು.

ನಿಮ್ಮದರಲ್ಲಿ ಅರ್ಜಿ ತಲುಪಿದೆ, ಅದಕ್ಕೇ ಫ್ಯಾನ್ ಅಲುಗಾಡುತ್ತದೆ. ಆಮೇಲೆ ಎಲ್ಲೋ ತಿರಸ್ಕಾರ ಆಗುತ್ತಿದೆ. ಕಾವಲುಗಾರನಿಗೇ ಶಕ್ತಿ ಇಲ್ಲ, ಇಲ್ಲವೇ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದೆ.

ನಾಳೆ ಬೆಳಕಿನಲ್ಲಿ ಇಷ್ಟು ಮಾಡಿ. ಪ್ಲಗ್ ಕಿತ್ತು ಹಾರ್ಡ್ ಡಿಸ್ಕ್, ಡಿವಿಡಿ, ಮುಂದಿನ ಯುಎಸ್‌ಬಿ ವೈರ್ ಎಲ್ಲ ಬಿಡಿಸಿ. ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್ ಇಷ್ಟೇ ಇರಲಿ. ಆಗಲೂ ಅರ್ಧ ಸುತ್ತೇ ಆದರೆ, ಪ್ರೊಸೆಸರ್ ಪಕ್ಕದ 4 ಪಿನ್ನಿನ ಹಳದಿ-ಕಪ್ಪು ಕನೆಕ್ಟರ್ ಕೂಡ ತೆಗೆದು ಒತ್ತಿ. ಅದು ತೆಗೆದಾಗ ಫ್ಯಾನ್ ಓಡುತ್ತಲೇ ಇದ್ದರೆ ಕೆಟ್ಟ ಸುದ್ದಿ, ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗ ಶಾರ್ಟ್ ಆಗಿರಬಹುದು.

ಲ್ಯಾಬ್ ಟೀಚರ್
ಮಂಗಳವಾರ, ಬೆಳಿಗ್ಗೆ 6:45

ಒಳಗೆ ಟಾರ್ಚ್ ಹಾಕಿಯೂ ನೋಡಿ. ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಯಂತ್ರ ಬೇಸಿಗೆ ರಜೆ ಮುಗಿದ ಮೇಲೆ ಹೀಗೇ ಮಾಡಿತ್ತು. ಬಿಚ್ಚಿದರೆ ಬೋರ್ಡಿನ ಹಿಂಭಾಗದಲ್ಲಿ ಇರುವೆ ಗೂಡು, ಮೊಟ್ಟೆ ಸಮೇತ. ಇನ್ನೊಂದರಲ್ಲಿ ಎಸ್‌ಎಂಪಿಎಸ್ ಫ್ಯಾನಿಗೆ ಸಿಕ್ಕಿ ಒಣಗಿದ ಹಲ್ಲಿ. ಮಕ್ಕಳು ಅದಕ್ಕೆ ಹೆಸರಿಟ್ಟು ವಾರಗಟ್ಟಲೆ ಮಾತಾಡಿದರು.

ವರದಿಗೆ ಯೋಚನೆ ಮಾಡಬೇಡಿ. ಕಂಪ್ಯೂಟರ್ ಸತ್ತರೂ ಹಾರ್ಡ್ ಡಿಸ್ಕ್ ಸಾಯಬೇಕು ಅಂತಿಲ್ಲ. ಅದನ್ನು ಬಿಚ್ಚಿ ಬೇರೆ ಯಾರದಾದರೂ ಡೆಸ್ಕ್‌ಟಾಪಿಗೆ ಸಾಟಾ ಕೇಬಲ್ಲಿನಲ್ಲಿ ಹಾಕಿ ಫೈಲ್ ತೆಗೆದುಕೊಳ್ಳಿ. ಲ್ಯಾಪ್‌ಟಾಪಿಗೆ ಹಾಕುವುದಾದರೆ ಬರೀ ಯುಎಸ್‌ಬಿ ಕೇಬಲ್ ಸಾಕಾಗುವುದಿಲ್ಲ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಈ ಕೆಲಸ ಮೊದಲು ಮಾಡಿ, ರಿಪೇರಿ ಆಮೇಲೆ.

ಹೊಳೆಬದಿ ಡಿಟಿಪಿ
ಮಂಗಳವಾರ, ಮಧ್ಯಾಹ್ನ 12:15

ಟೀಚರ್ ಮಾತು ಕೇಳಿದೆ. ಎದುರಿನ ಫೋಟೋ ಸ್ಟುಡಿಯೋದವರ ಯಂತ್ರಕ್ಕೆ ಡಿಸ್ಕ್ ಹಾಕಿದೆ. ಫೋಲ್ಡರ್ ಎಲ್ಲ ಕಂಡಿತು. ಖುಷಿಯಾಗಿ ವರದಿಯ ವರ್ಡ್ ಫೈಲ್ ತೆರೆದರೆ ಎದೆ ಧಸಕ್ ಅಂದಿತು. ಒಂದೂ ಕನ್ನಡ ಅಕ್ಷರ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಂಬು, ಬಾಲ. ಡಿಸ್ಕ್ ಹಾಳಾಗಿದೆಯಾ?

ಲ್ಯಾಬ್ ಟೀಚರ್
ಮಂಗಳವಾರ, ಮಧ್ಯಾಹ್ನ 12:22

ಇಲ್ಲ ಇಲ್ಲ, ಗಾಬರಿ ಬೇಡ. ಆ ಯಂತ್ರದಲ್ಲಿ ನುಡಿ ಫಾಂಟ್ ಇಲ್ಲ, ಅಷ್ಟೇ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಕಡೆ ತೆರೆದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತದೆ. ನಿಮ್ಮ ಡಿಸ್ಕಿನಲ್ಲೇ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಇದೆ. ಅಲ್ಲಿಂದ ನುಡಿ ಹೆಸರಿನವನ್ನೆಲ್ಲ ಅವರ ಯಂತ್ರಕ್ಕೆ ನಕಲು ಮಾಡಿ.

ಫೈಲನ್ನು ಮಾತ್ರ ಆ ಸ್ಥಿತಿಯಲ್ಲಿ ಸೇವ್ ಮಾಡಬೇಡಿ. ವರ್ಡ್ ತಾನೇ ಒಂದಿಷ್ಟು ಸ್ಪೆಲಿಂಗ್ ತಿದ್ದಿಬಿಟ್ಟರೆ ನಿಮ್ಮ ಅಧ್ಯಕ್ಷರ ಹೆಸರು ಏನೇನೋ ಆಗಿರುತ್ತದೆ.

ಗುಂಡುಪಿನ್
ಮಂಗಳವಾರ, ಮಧ್ಯಾಹ್ನ 12:40

ಅದಕ್ಕೇ ಯಾವ ಯಂತ್ರದಲ್ಲೂ ಕನ್ನಡ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಬನ್ನಿ ಅಂತ ಎಲ್ಲರೂ ಬಡ್ಕೊಳ್ಳೋದು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಾಗಿದೆ.

ಹೊಳೆಬದಿ ಡಿಟಿಪಿ
ಮಂಗಳವಾರ, ಮಧ್ಯಾಹ್ನ 1:05

ಫಾಂಟ್ ಹಾಕಿದೆ. ಅಕ್ಷರ ಬಂತು! ವರದಿ ಪೆನ್ ಡ್ರೈವಿನಲ್ಲಿ ಎರಡು ಕಡೆ, ಮಗಳ ಫೋನಿನಲ್ಲಿ ಒಂದು ಕಡೆ ಇಟ್ಟಿದ್ದೇನೆ. ಟೀಚರ್, ನಿಮ್ಮ ಊರು ಯಾವುದೋ ಗೊತ್ತಿಲ್ಲ, ಈ ಕಡೆ ಬಂದರೆ ಊಟಕ್ಕೆ ಬನ್ನಿ.

@ಗುಂಡುಪಿನ್, ಯೂನಿಕೋಡ್ ಬೇಡ ಅಂತಲ್ಲ. ನಮ್ಮ ಪ್ರೆಸ್ಸಿನವರು ಪೇಜ್‌ಮೇಕರ್ ಫೈಲೇ ಕೇಳುತ್ತಾರೆ. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ. ನಾನೊಬ್ಬ ಬದಲಾದರೆ ಏನು ಮಾಡಲಿ?

ರಂಗಣ್ಣ, ನೀವು ಹೇಳಿದಂತೆ ಎಲ್ಲ ಬಿಡಿಸಿದೆ. ಆಗಲೂ ಅರ್ಧ ಸುತ್ತು. 4 ಪಿನ್ ತೆಗೆದೆ. ಆಗಲೂ ಅರ್ಧ ಸುತ್ತು. ಇರುವೆ, ಹಲ್ಲಿ ಏನೂ ಸಿಗಲಿಲ್ಲ, ಒಂದು ಮದುವೆ ಕಾರ್ಡಿನ ತುಂಡು ಸಿಕ್ಕಿತು.

ರಿಪೇರಿ ರಂಗ
ಮಂಗಳವಾರ, ಮಧ್ಯಾಹ್ನ 2:10

4 ಪಿನ್ ತೆಗೆದರೂ ಬದಲಾಗಲಿಲ್ಲ ಅಂದರೆ ಅರ್ಧ ಸಮಾಧಾನ. ಪವರ್ ಬಟನ್ ಕೂಡ ಒಮ್ಮೆ ತಳ್ಳಿಹಾಕೋಣ. ಬೋರ್ಡಿನ ಮೂಲೆಯಲ್ಲಿ ಬಟನ್ ವೈರ್ ಸಿಕ್ಕಿಸಿರುವ ಎರಡು ಪಿನ್ನಿನಿಂದ ಅದನ್ನು ತೆಗೆದು, ಅಲ್ಲಿಗೆ ರೀಸೆಟ್ ವೈರ್ ಹಾಕಿ. ಈಗ ರೀಸೆಟ್ ಬಟನ್ನೇ ಪವರ್ ಬಟನ್. ದುಡ್ಡಿಲ್ಲದ ಪರೀಕ್ಷೆ.

ಗುಂಡುಪಿನ್
ಮಂಗಳವಾರ, ಮಧ್ಯಾಹ್ನ 2:18

ಇಷ್ಟೆಲ್ಲ ಯಾಕೆ? ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್ ಬೋರ್ಡಿನಿಂದ ತೆಗೆದು, ಹಸಿರಿಗೂ ಕಪ್ಪಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ಕರೆಂಟ್ ಕೊಡಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಿದರೆ ಅದು ಸರಿ ಇದೆ, ಬೋರ್ಡ್ ಹೋಗಿದೆ ಅಂತ ಅರ್ಥ.

ಹೊಳೆಬದಿ ಡಿಟಿಪಿ
ಮಂಗಳವಾರ, ಸಂಜೆ 4:30

ರೀಸೆಟ್ ಬಟನ್ನಿಗೂ ಅದೇ ಅರ್ಧ ಸುತ್ತು. ಕ್ಲಿಪ್ ಪರೀಕ್ಷೆಯೂ ಮಾಡಿದೆ. ಎಸ್‌ಎಂಪಿಎಸ್ ಫ್ಯಾನ್ ಚೆನ್ನಾಗಿ ತಿರುಗುತ್ತದೆ. ಹಾಗಾದರೆ ಅಂಗಡಿಯವರು ಹೇಳಿದ್ದೇ ಸರಿಯಾಯಿತಲ್ಲ, ಬೋರ್ಡೇ.

ರಿಪೇರಿ ರಂಗ
ಮಂಗಳವಾರ, ಸಂಜೆ 5:00

ತಡೆಯಿರಿ. ಈ ಕ್ಲಿಪ್ ಪರೀಕ್ಷೆಯಿಂದ ಎಷ್ಟು ಒಳ್ಳೆಯ ಬೋರ್ಡ್‌ಗಳು ಗುಜರಿಗೆ ಹೋಗಿವೆಯೋ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಬಹುಮಟ್ಟಿಗೆ ಸತ್ತಿದೆ ಅನ್ನಬಹುದು. ತಿರುಗಿದರೆ ಬದುಕಿದೆ ಅಂತ ಮಾತ್ರ, ಗಟ್ಟಿ ಇದೆ ಅಂತಲ್ಲ. ಭಾರ ಇಲ್ಲದೆ ಯಾವ ಎತ್ತು ಬೇಕಾದರೂ ನಡೆಯುತ್ತದೆ. ಗಾಡಿ ಕಟ್ಟಿದಾಗ ನೋಡಬೇಕು.

ಮಲ್ಟಿಮೀಟರ್ ಎರವಲು ಸಿಗುತ್ತದಾ? ಸಿಕ್ಕರೆ 24 ಪಿನ್ ಕನೆಕ್ಟರ್ ಬೋರ್ಡಿಗೆ ವಾಪಸ್ ಹಾಕಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಯಾವುದಾದರೂ ಕಪ್ಪು ವೈರಿನ ಹಿಂಭಾಗಕ್ಕೆ, ಕೆಂಪು ಕಡ್ಡಿ ನೇರಳೆ ವೈರ್ ಕನೆಕ್ಟರ್ ಒಳಗೆ ಹೋಗುವ ಸಂದಿಗೆ. ಬಟನ್ ಒತ್ತದೆ ಎಷ್ಟಿದೆ, ಒತ್ತಿದಾಗ ಎಷ್ಟಕ್ಕೆ ಇಳಿಯುತ್ತದೆ, ಕನೆಕ್ಟರ್ ಕಿತ್ತರೆ ಎಷ್ಟು. ಮೂರು ಅಂಕಿ ಬೇಕು. 4.75ರಿಂದ 5.25ರ ಒಳಗಿದ್ದರೆ ಸರಿ.

ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 320 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಗೊತ್ತಿದ್ದವರೇ ಹೊಡೆಸಿಕೊಂಡಿದ್ದಾರೆ, ನಾನೂ ಒಬ್ಬ.

ಹೊಳೆಬದಿ ಡಿಟಿಪಿ
ಮಂಗಳವಾರ, ರಾತ್ರಿ 8:40

ಮೀಟರ್ ಸಿಕ್ಕಿತು. ಬೋರ್ಡಿಗೆ ಹಾಕಿ ಒತ್ತದೆ ನೋಡಿದರೆ 4.1. ಒತ್ತಿದ ಕ್ಷಣ 3.3ಕ್ಕೆ ಇಳಿದು ಮತ್ತೆ ಮೇಲೆ ಬರುತ್ತದೆ. ಕನೆಕ್ಟರ್ ಕಿತ್ತರೆ 5.0.

ಕರೆಂಟ್ ಮಾವ
ಮಂಗಳವಾರ, ರಾತ್ರಿ 8:52

ಸಿಕ್ಕಿಬಿತ್ತು ಕಳ್ಳ. ಹೊಸ ಎಸ್‌ಎಂಪಿಎಸ್ ತನ್ನಿ.

ರಿಪೇರಿ ರಂಗ
ಮಂಗಳವಾರ, ರಾತ್ರಿ 9:05

ತರಬೇಡಿ. ಎರವಲು ತನ್ನಿ. ಕಾವಲುಗಾರ ದುರ್ಬಲ ಆಗಿರಬಹುದು, ಅಥವಾ ಬೋರ್ಡ್ ಮೇಲೆ ಏನೋ ಅವನನ್ನು ಕೆಳಗೆ ಎಳೆಯುತ್ತಿರಬಹುದು. ಈ ಮೂರು ಅಂಕಿಗೆ ಎರಡೂ ಹೊಂದುತ್ತವೆ. ಫೋಟೋ ಸ್ಟುಡಿಯೋದವರ ಯಂತ್ರ ಇದೆಯಲ್ಲ, ಅದರ ಎಸ್‌ಎಂಪಿಎಸ್ ಬಿಚ್ಚುವುದೂ ಬೇಡ. ಕ್ಯಾಬಿನೆಟ್ ಪಕ್ಕದಲ್ಲಿಟ್ಟು ವೈರ್ ಮಾತ್ರ ನಿಮ್ಮ ಬೋರ್ಡಿಗೆ ಎಳೆದು ನೋಡಿ. ಹತ್ತು ನಿಮಿಷದ ಕೆಲಸ. ನಮ್ಮ ಧಂಧೆಯಲ್ಲಿ ಗಿರಾಕಿಯ ದುಡ್ಡು ಜಾಸ್ತಿ ಹೋಗುವುದು ಕೆಟ್ಟ ಭಾಗಕ್ಕಲ್ಲ, ಅನುಮಾನಕ್ಕೆ ಕೊಂಡ ಭಾಗಕ್ಕೆ.

ಹೊಳೆಬದಿ ಡಿಟಿಪಿ
ಬುಧವಾರ, ಬೆಳಿಗ್ಗೆ 10:30

ಸ್ಟುಡಿಯೋದವರ ಎಸ್‌ಎಂಪಿಎಸ್ ಹಾಕಿದೆ. ಫ್ಯಾನ್ ತಿರುಗಿತು! ನಿಲ್ಲಲಿಲ್ಲ! ಬೆಳಗಿನ ಚಳಿಯಲ್ಲೇ, ಒಂದೇ ಒತ್ತಿಗೆ.

ಆದರೆ ಪರದೆ ಕಪ್ಪು. ಐದು ನಿಮಿಷ ಕಾದೆ. ನೇರಳೆ ವೈರಿನಲ್ಲಿ 5.1 ಇದೆ.

ರಿಪೇರಿ ರಂಗ
ಬುಧವಾರ, ಬೆಳಿಗ್ಗೆ 10:48

ಬೋರ್ಡ್ ಎಳೆಯುತ್ತಿಲ್ಲ ಅಂತಾಯಿತು. ಎಸ್‌ಎಂಪಿಎಸ್ ತಪ್ಪಿತಸ್ಥ. ಈಗಿರುವುದು ಎರಡನೇ ರೋಗ. ಎರಡು ರೋಗ ಒಟ್ಟಿಗೆ ಇದ್ದಾಗಲೇ ಜನ ದಾರಿ ತಪ್ಪುವುದು. ಒಂದು ಸರಿ ಮಾಡಿದರೂ ಯಂತ್ರ ಏಳದಿದ್ದರೆ ನಾನು ಮಾಡಿದ್ದೇ ತಪ್ಪು ಅಂದುಕೊಂಡು ಹಿಂದಕ್ಕೆ ಹೋಗುತ್ತಾರೆ.

ಬೋರ್ಡಿಗೆ ಬೀಪ್ ಸ್ಪೀಕರ್ ಇದೆಯಾ? ಕಡಲೆಕಾಳಿನಷ್ಟು ದೊಡ್ಡದು, ಎರಡು ವೈರ್. ಹಳೆಯ ಕ್ಯಾಬಿನೆಟ್ ಇದ್ದರೆ ಅದರಲ್ಲಿ ಸಿಗುತ್ತದೆ. ಅದನ್ನು ಹಾಕಿ, ಎರಡೂ ರ‍್ಯಾಮ್ ತೆಗೆದು ಆನ್ ಮಾಡಿ. ಹೌದು, ರ‍್ಯಾಮ್ ಇಲ್ಲದೆ. ಬೀಪ್ ಬಂದರೆ ಪ್ರೊಸೆಸರ್ ಬದುಕಿದೆ, ಬೋರ್ಡಿನೊಳಗಿನ ಮೊದಲ ಪ್ರೋಗ್ರಾಂ ಬಯೋಸ್ ಓಡುತ್ತಿದೆ, ರ‍್ಯಾಮ್ ಎಲ್ಲಿ ಅಂತ ಕೇಳುತ್ತಿದೆ. ಮೌನ ಇದ್ದರೆ ಆಗ ಬೋರ್ಡ್ ಬಗ್ಗೆ ಮಾತಾಡೋಣ. ಎಷ್ಟು ಬೀಪ್ ಅಂತ ಎಣಿಸುತ್ತಾ ಕೂರಬೇಡಿ, ಅದರ ಅರ್ಥ ಬಯೋಸ್ ಕಂಪನಿಗೊಂದು ಥರ.

ಹೊಳೆಬದಿ ಡಿಟಿಪಿ
ಬುಧವಾರ, ಬೆಳಿಗ್ಗೆ 11:40

ಬೀಪ್ ಬರುತ್ತಿದೆ!! ಉದ್ದಕ್ಕೆ, ಬಿಟ್ಟು ಬಿಟ್ಟು. ಇಷ್ಟು ಕರ್ಕಶ ಸದ್ದು ಇಷ್ಟು ಹಿತವಾಗಿ ಯಾವತ್ತೂ ಕೇಳಿಸಿರಲಿಲ್ಲ.

ಗುಂಡುಪಿನ್
ಬುಧವಾರ, ಬೆಳಿಗ್ಗೆ 11:43

ಈಗಲಾದರೂ ರಬ್ಬರ್ ತರ್ತೀರಾ?

ರಿಪೇರಿ ರಂಗ
ಬುಧವಾರ, ಬೆಳಿಗ್ಗೆ 11:50

ಈಗ ತರಲಿ. ಗುಂಡುಪಿನ್ ಅವರ ಔಷಧಿ ಸರಿ, ಹೊತ್ತು ಮಾತ್ರ ತಪ್ಪಿತ್ತು.

ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರ್ ಸಾಕು, ಇಂಕ್ ಅಳಿಸುವ ಒರಟು ಬೇಡ. ಚಿನ್ನದ ಬಣ್ಣದ ಅಂಚನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಸ್ಲಾಟ್ ಒಳಗೂ ಬ್ರಷ್ ಆಡಿಸಿ. ಆಮೇಲೆ ಒಂದು ರ‍್ಯಾಮ್ ಮಾತ್ರ ಹಾಕಿ, ಎರಡೂ ಕಡೆ ಕ್ಲಿಪ್ ಕಟಕ್ ಅನ್ನುವವರೆಗೆ ಒತ್ತಿ. ಬರದಿದ್ದರೆ ಇನ್ನೊಂದು ಸ್ಲಾಟ್. ಆಮೇಲೆ ಇನ್ನೊಂದು ರ‍್ಯಾಮ್. ಪ್ರತಿ ಸಲವೂ ಪ್ಲಗ್ ಕಿತ್ತೇ ಮಾಡಿ.

ಹೊಳೆಬದಿ ಡಿಟಿಪಿ
ಬುಧವಾರ, ಮಧ್ಯಾಹ್ನ 1:20

ಒಂದು ರ‍್ಯಾಮಿನ ಅಂಚು ಕಪ್ಪಾಗಿತ್ತು. ಉಜ್ಜಿ ಹಾಕಿದ ಮೇಲೆ ಪರದೆ ಬಂತು. ಸಿಮಾಸ್ ಬ್ಯಾಟರಿ, ಚೆಕ್‌ಸಮ್ ಅಂತ ಏನೋ ತಕರಾರು. ತಾರೀಖು 2012, ಜನವರಿ 1. ಇದಕ್ಕೆ ತಾನು ಹುಟ್ಟಿದ ವರ್ಷ ಮಾತ್ರ ನೆನಪಿದೆ. ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಬದಲಾಯಿಸಿದೆ, ಸಿಆರ್2032, ಗಡಿಯಾರದ ಅಂಗಡಿಯಲ್ಲೇ ಸಿಕ್ಕಿತು.

ಹಾರ್ಡ್ ಡಿಸ್ಕ್ ವಾಪಸ್ ಹಾಕಿದೆ. ಸ್ಟಾರ್ಟಿಂಗ್ ವಿಂಡೋಸ್ ಅಂತ ಬರುತ್ತದೆ, ನಾಲ್ಕು ಬಣ್ಣದ ಚುಕ್ಕಿ ಕುಣಿಯುತ್ತವೆ, ತಕ್ಷಣ ನೀಲಿ ಪರದೆ, ರೀಸ್ಟಾರ್ಟ್. ಫೋನಿನಲ್ಲಿ ವಿಡಿಯೋ ಮಾಡಿ ನಿಲ್ಲಿಸಿ ಓದಿದೆ. ಕೋಡಿನ ಕೊನೆಯಲ್ಲಿ 7ಬಿ ಅಂತಿದೆ. ನನಗೆ ಸಾಕಾಯಿತು.

ಲ್ಯಾಬ್ ಟೀಚರ್
ಬುಧವಾರ, ಮಧ್ಯಾಹ್ನ 1:34

ಇದು ನನಗೆ ಗೊತ್ತು! ನಮ್ಮ ಲ್ಯಾಬಿನಲ್ಲಿ ಮೂರು ಯಂತ್ರಕ್ಕೆ ಆಗಿತ್ತು. ಫಾರ್ಮ್ಯಾಟ್ ಮಾಡಬೇಡಿ, ಏನೂ ಹಾಳಾಗಿಲ್ಲ.

ಸೆಲ್ ಸತ್ತಾಗ ಬಯೋಸ್ ತನ್ನ ನೆನಪನ್ನೆಲ್ಲ ಕಳೆದುಕೊಂಡು ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗಿದೆ. ಒಳಗೆ ಸಾಟಾ ಮೋಡ್ ಅಂತ ಒಂದು ಇರುತ್ತದೆ, ಡಿಸ್ಕ್ ಜೊತೆ ಯಾವ ರೀತಿ ಮಾತಾಡಬೇಕು ಅನ್ನುವುದು, ಐಡಿಇ ಅಥವಾ ಎಎಚ್‌ಸಿಐ. ಆ ಕಾಲದ ಹಲವು ಬೋರ್ಡ್‌ಗಳಲ್ಲಿ ಫ್ಯಾಕ್ಟರಿ ಸೆಟ್ಟಿಂಗ್ ಐಡಿಇ. ನಿಮಗೆ ವಿಂಡೋಸ್ ಹಾಕಿಕೊಟ್ಟವರು ಎಎಚ್‌ಸಿಐ ಇಟ್ಟು ಹಾಕಿರುತ್ತಾರೆ. ಈಗ ವಿಂಡೋಸಿಗೆ ತನ್ನದೇ ಡಿಸ್ಕ್ ತೆರೆಯಲು ಬರುತ್ತಿಲ್ಲ, ಬೀಗ ಬದಲಾದ ಹಾಗೆ. ಆನ್ ಆಗುವಾಗ ಡಿಲೀಟ್ ಕೀ ಒತ್ತುತ್ತಾ ಬಯೋಸಿಗೆ ಹೋಗಿ. ಸಾಟಾ ಮೋಡನ್ನು ಎಎಚ್‌ಸಿಐ ಮಾಡಿ. ತಾರೀಖು ಸರಿ ಮಾಡಿ. ಸೇವ್ ಮಾಡಿ ಹೊರಬನ್ನಿ.

ಹೊಳೆಬದಿ ಡಿಟಿಪಿ
ಬುಧವಾರ, ಮಧ್ಯಾಹ್ನ 1:52

ಬಂತು. ಡೆಸ್ಕ್‌ಟಾಪ್ ಮೇಲೆ ಮಗಳ ಫೋಟೋ ಬಂತು. ಈಗ ವರದಿಯ 37ನೇ ಪುಟ ಟೈಪ್ ಮಾಡುತ್ತಿದ್ದೇನೆ. ಸ್ಟುಡಿಯೋದವರು ತಮ್ಮ ಎಸ್‌ಎಂಪಿಎಸ್ ಕೇಳುತ್ತಾ ಬಾಗಿಲಲ್ಲಿ ನಿಂತಿದ್ದಾರೆ.

ಕರೆಂಟ್ ಮಾವ
ಬುಧವಾರ, ಸಂಜೆ 6:15

ಎಲ್ಲರೂ ಹಬ್ಬ ಮಾಡುತ್ತಿದ್ದೀರಿ, ಆ ಜುಮ್ ಅನ್ನುವುದನ್ನು ಮರೆತಿರಿ.

ಎಸ್‌ಎಂಪಿಎಸ್ ಬಾಯಲ್ಲಿ ಕರೆಂಟಿನ ಗಲೀಜು ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಕ್ಯಾಬಿನೆಟ್ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಅರ್ಥಿಂಗ್ ಇದ್ದರೆ ಸೋರಿದ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೈ 230ರ ಅರ್ಧ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ತೀರ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ನಾಳೆ ಒಳಗೆ ಫೇಸ್ ವೈರ್ ಸಿಪ್ಪೆ ಸುಲಿದು ಮೈಗೆ ತಾಗಿದರೆ ಅದು ಜುಮ್‌ನಲ್ಲಿ ನಿಲ್ಲುವುದಿಲ್ಲ. ಮಳೆಗಾಲ, ಒದ್ದೆ ನೆಲ, ಬರಿಗಾಲು.

ಪ್ಲಗ್ಗಿನ ಮೇಲಿನ ದಪ್ಪ ಪಿನ್ ಇದೆಯಾ ನೋಡಿ. ಗೋಡೆಯ ಕಡೆ ನೀವು ಅಳೆಯಬೇಡಿ, ವೈರ್‌ಮನ್ ಕರೆಯಿರಿ.

ಹೊಳೆಬದಿ ಡಿಟಿಪಿ
ಶನಿವಾರ, ಬೆಳಿಗ್ಗೆ 9:30

ವರದಿ ಗುರುವಾರ ಪ್ರೆಸ್ಸಿಗೆ ಹೋಯಿತು.

ವೈರ್‌ಮನ್ ಬಂದಿದ್ದರು. ಫೇಸ್-ನ್ಯೂಟ್ರಲ್ 228 ವೋಲ್ಟ್. ಫೇಸ್-ಅರ್ಥ್ ಬರೀ 60 ಚಿಲ್ಲರೆ, ಅದೂ ಕುಣಿಯುತ್ತಿತ್ತು. ಅರ್ಥ್ ಎಲ್ಲಿಗೂ ಸೇರಿಲ್ಲ ಅಂದರು. ಹಿತ್ತಲಿಗೆ ಹೋಗಿ ನೋಡಿದರೆ ಅರ್ಥಿಂಗ್ ಪೈಪಿನ ಹತ್ತಿರ ವೈರ್ ತುಕ್ಕು ಹಿಡಿದು ತುಂಡಾಗಿ ಕೆಸುವಿನ ಗಿಡದ ಮಧ್ಯೆ ಬಿದ್ದಿತ್ತು. ಎಷ್ಟು ವರ್ಷ ಆಗಿತ್ತೋ. ಹೊಸ ಕ್ಲ್ಯಾಂಪ್ ಹಾಕಿ, ಗುಂಡಿಗೆ ಇದ್ದಿಲು, ಉಪ್ಪು ತುಂಬಿದ್ದಾರೆ. ಈಗ ಫೇಸ್-ಅರ್ಥ್ 226. ಜುಮ್ ಇಲ್ಲ.

ಹಾಗಾದರೆ ಎಸ್‌ಎಂಪಿಎಸ್ ಸತ್ತಿದ್ದು ಇದರಿಂದಲೇನಾ?

ಕರೆಂಟ್ ಮಾವ
ಶನಿವಾರ, ಬೆಳಿಗ್ಗೆ 9:50

ಇದರಿಂದಲೇ.

ರಿಪೇರಿ ರಂಗ
ಶನಿವಾರ, ಬೆಳಿಗ್ಗೆ 10:20

ಮಾವನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. 2012ರಿಂದ ಪ್ಲಗ್ಗಿನಲ್ಲೇ ಇದ್ದ ಎಸ್‌ಎಂಪಿಎಸ್. ಕಂಪ್ಯೂಟರ್ ಆಫ್ ಇದ್ದರೂ ಕಾವಲುಗಾರನ ಭಾಗ ಹಗಲು ರಾತ್ರಿ ದುಡಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ಒಣಗುವುದು ಎಷ್ಟೋ ಸಲ ಅದೇ. ಇದು ವಯಸ್ಸು. ಅರ್ಥಿಂಗ್ ಸರಿ ಮಾಡಿದ್ದು ನಿಮ್ಮ ಜೀವಕ್ಕೆ ಒಳ್ಳೆಯದು, ಅದೇ ಸಾಕಷ್ಟು ದೊಡ್ಡ ಕಾರಣ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಹೋಗಿ. ಗುಡುಗು ಸಿಡಿಲು ಇದ್ದರೆ ಪ್ಲಗ್ಗೇ ಕೀಳಿ.

ಹೊಸದು ಯಾವುದು ತಂದಿರಿ? ಪೇಟೆಯಲ್ಲಿ 600-700 ರೂಪಾಯಿಗೆ 450 ವ್ಯಾಟ್ ಅಂತ ಬರೆದ ಡಬ್ಬಿ ಸಿಗುತ್ತವೆ. ಕೈಗೆತ್ತಿಕೊಂಡರೆ ಹೂವಿನ ಹಾಗೆ ಹಗುರ. ಅದು ಬೇಡ.

ಹೊಳೆಬದಿ ಡಿಟಿಪಿ
ಶನಿವಾರ, ಬೆಳಿಗ್ಗೆ 10:45

2,300 ಕೊಟ್ಟು ಬ್ರಾಂಡೆಡ್ ತಂದೆ, 450 ವ್ಯಾಟ್, ತೂಕ ಇದೆ. ಒಂದು ಸಣ್ಣ ತಕರಾರು. ಈಗ ಕರೆಂಟ್ ಹೋದರೆ ಯುಪಿಎಸ್ ಕೀ ಅನ್ನುತ್ತದೆ, ಕಂಪ್ಯೂಟರ್ ಮಾತ್ರ ಪಟ್ ಅಂತ ಆರುತ್ತದೆ. ಮೊದಲು ಹೀಗಿರಲಿಲ್ಲ.

ಕರೆಂಟ್ ಮಾವ
ಶನಿವಾರ, ಬೆಳಿಗ್ಗೆ 11:05

ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಪಿಎಫ್‌ಸಿ ಅಂತ ಒಂದು ಸರ್ಕ್ಯೂಟ್ ಇರುತ್ತದೆ. ಅದಕ್ಕೆ ನುಣುಪಾದ ಅಲೆ ಬೇಕು. ಅಗ್ಗದ ಯುಪಿಎಸ್ ಬ್ಯಾಟರಿಗೆ ಹೋದಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಕೆಲವು ಜೋಡಿ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಮೊದಲು ಯುಪಿಎಸ್ ಬ್ಯಾಟರಿ ನೋಡಿ, ಅದು 12 ವೋಲ್ಟ್ 7 ಎಎಚ್‌ದು ಇರುತ್ತದೆ, ಮೂರು ನಾಲ್ಕು ವರ್ಷ ಆಗಿದ್ದರೆ ಬದಲಿಸಿ. ಜೆರಾಕ್ಸ್, ಲೇಸರ್ ಪ್ರಿಂಟರ್ ಅದಕ್ಕೆ ಸಿಕ್ಕಿಸಿಲ್ಲ ತಾನೇ? ಅವುಗಳ ಭಾರ ಅದು ತಡೆಯುವುದಿಲ್ಲ.

ಹೊಳೆಬದಿ ಡಿಟಿಪಿ
ಶನಿವಾರ, ಬೆಳಿಗ್ಗೆ 11:09

ಪ್ರಿಂಟರ್ ಸಿಕ್ಕಿಸಿದ್ದೆ. ಈಗ ತೆಗೆದೆ. ಮೇನ್ ಆಫ್ ಮಾಡಿ ನೋಡಿದೆ, ಆರಲಿಲ್ಲ.

ಹೊಸಬ 22
ಎರಡು ವಾರದ ನಂತರ, ಭಾನುವಾರ, ಸಂಜೆ 7:20

ನಂದೂ ಇದೇ ಪ್ರಾಬ್ಲಂ. ಕಂಪ್ಯೂಟರ್ ಆನ್ ಆಗ್ತಿಲ್ಲ. ಮೇಲಿಂದ ಎಲ್ಲ ಓದಿದೆ. ಎಸ್‌ಎಂಪಿಎಸ್ ಆರ್ಡರ್ ಮಾಡ್ಲಾ? ಅರ್ಜೆಂಟ್.

ಹೊಳೆಬದಿ ಡಿಟಿಪಿ
ಭಾನುವಾರ, ಸಂಜೆ 7:31

ತಡೆಯಿರಿ, ಆರ್ಡರ್ ಮಾಡಬೇಡಿ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದಾ? ಎಷ್ಟು ಹೊತ್ತು?

ಹೊಸಬ 22
ಭಾನುವಾರ, ಸಂಜೆ 7:33

ಏನೂ ಇಲ್ಲ. ಲೈಟ್ ಇಲ್ಲ, ಸದ್ದಿಲ್ಲ. ನಿನ್ನೆ ಚೆನ್ನಾಗಿತ್ತು.

ಹೊಳೆಬದಿ ಡಿಟಿಪಿ
ಭಾನುವಾರ, ಸಂಜೆ 7:36

ಕ್ಯಾಬಿನೆಟ್ ಹಿಂದೆ, ಪವರ್ ಕೇಬಲ್ ಪಕ್ಕ, ಒಂದು ಪುಟ್ಟ ಕಪ್ಪು ಸ್ವಿಚ್ ಇರುತ್ತದೆ. ಗೆರೆಯ ಕಡೆ ಒತ್ತಿದೆಯಾ, ಸೊನ್ನೆಯ ಕಡೆಯಾ?

ಹೊಸಬ 22
ಭಾನುವಾರ, ಸಂಜೆ 7:41

ಸೊನ್ನೆ. ಮಧ್ಯಾಹ್ನ ಅಜ್ಜಿ ಹಿಂದೆ ಜೇಡರ ಬಲೆ ತೆಗೆದಿದ್ರಂತೆ. ಆನ್ ಆಯ್ತು.